ಸಾದಾ ಪೆಟ್ರೋಲಿನ ಮೈಲಿಗೆ

ನನ್ನ ಗಂಡನಿಗೆ ಕಾರು ಓಡಿಸಲು ಬರುತ್ತದೆ. ಕಾರು ಎಂದರೇನು ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ. ನಮ್ಮದು ಯಾರೋ ಓಡಿಸಿ ಸಾಕಾಗಿ ಮಾರಿದ ಸಣ್ಣ ಕಾರು. ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಯಾರಾದರೂ ಇಳಿದು ಹೋಗಿ ಹೊರಗಿನಿಂದ ಎಳೆಯಬೇಕು. ಆ ಬಾಗಿಲು ರಿಪೇರಿ ಮಾಡಿಸಲು ಪುರುಸೊತ್ತಿಲ್ಲದ ಮನುಷ್ಯ ಟ್ಯಾಂಕಿಗೆ ಮಾತ್ರ ಪ್ರೀಮಿಯಂ ಪೆಟ್ರೋಲೇ ಆಗಬೇಕು ಎನ್ನುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

ಸಿಂಧನೂರಿನಲ್ಲಿ ಈ ರೋಗ ಇವರೊಬ್ಬರದೇ ಅಲ್ಲ. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಜನಕ್ಕೆ ತುಟ್ಟಿಯಾದದ್ದೇ ಜೋರಾದದ್ದು. ಔಷಧಿ ಅಂಗಡಿಗೆ ಹೋದರೆ ಬೆಳೆಗೆ ಯಾವ ಹುಳ ಬಿದ್ದಿದೆ ಎಂದು ಹೇಳುವ ಮೊದಲೇ "ಎಲ್ಲಾದಕ್ಕಿಂತ ತುಟ್ಟಿದು ಯಾವುದೈತಿ, ಅದನ್ನ ಕೊಡು" ಎನ್ನುತ್ತಾರೆ. ನನ್ನ ಗಂಡ ಆ ಗದ್ದೆಯ ಬುದ್ಧಿಯನ್ನು ಹಾಗೇ ಎತ್ತಿ ತಂದು ಕಾರಿನೊಳಗೆ ಕೂರಿಸಿಕೊಂಡಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮದುವೆಯಾದ ತಪ್ಪಿಗೆ ಮನೆಯಲ್ಲೂ ಒಮ್ಮೆ ಪಾಠ ಮಾಡಿದೆ. ಪ್ರೀಮಿಯಂ ಎಂದರೆ ಹೆಚ್ಚಿನ ಶಕ್ತಿ ಅಲ್ಲ ಎಂದೆ. ಎಂಜಿನ್ನಿನೊಳಗೆ ಒತ್ತಡ ಏರಿದಾಗ ಕಿಡಿ ಬರುವ ಮುಂಚೆಯೇ ಪೆಟ್ರೋಲು ತಾನಾಗಿ ಹೊತ್ತಿಕೊಳ್ಳಬಾರದು, ಆ ತಾಳಿಕೆ ಅದಕ್ಕೆ ಸ್ವಲ್ಪ ಜಾಸ್ತಿ, ಅಷ್ಟೇ. ಅಂಥ ಒತ್ತಡದ ಎಂಜಿನ್ ಇರುವ ದೊಡ್ಡ ಗಾಡಿಗಳಿಗೆ ಅದು ಬೇಕು. ನಮ್ಮಂಥ ಕಾರಿಗೆ ಸಾದಾ ಸಾಕು, ತಯಾರಿಸಿದವರೇ ಹಾಗೆ ಹೇಳಿದ್ದಾರೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಎಲ್ಲ ಕೇಳಿ, ಕೊನೆಗೆ ಅವರು ನಕ್ಕರು.

"ಕತ್ತಿಗೇನು ಗೊತ್ತು ಕಸ್ತೂರಿ ವಾಸನಿ? ಪ್ರೀಮಿಯಂ ಹಾಕಿದ ದಿನ ಗಾಡಿ ಹೆಂಗ ಹಗೂರ ಓಡತೈತಿ, ನೀ ಓಡಿಸಿದ್ರ ಗೊತ್ತಾಗ್ತಿತ್ತು" ಅಂದರು. ಓಡಿಸಲು ನನಗೆ ಕೊಡುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮಗಳು ಹೈಸ್ಕೂಲಿಗೆ ಬಂದ ವರ್ಷ ಗೊರೇಬಾಳದಿಂದ ನನ್ನ ತಮ್ಮ ಬಂದು ಬೀಗರನ್ನು ಊರಿಗೆ ಬಿಡಲು ಕಾರು ಒಯ್ದ. ತಿರುಗಿ ತರುವಾಗ ಬರಿಗೈಲಿ ತರಬಾರದೆಂದು ಮರ್ಯಾದೆಗೆ ಪೆಟ್ರೋಲು ಹಾಕಿಸಿ ತಂದ. ಪಾಪ, ಸಾದಾ ಹಾಕಿಸಿದ್ದ. ಅದನ್ನು ಕೇಳಿ ನನ್ನ ಗಂಡ, ಯಾರೋ ಚಪ್ಪಲಿ ಮೆಟ್ಟಿ ದೇವರ ಮನೆಗೆ ನುಗ್ಗಿದ ಹಾಗೆ ಮುಖ ಮಾಡಿದರು. ಅವನು ಹೋದ ಮೇಲೆ ತೀರ್ಪು ಬಂತು: ಆ ಸಾದಾ ಪೂರ್ತಿ ಬಸಿಯುವ ತನಕ ಟ್ಯಾಂಕಿಗೆ ಹೊಸ ಪೆಟ್ರೋಲು ಬೀಳುವಂತಿಲ್ಲ.

ಭತ್ತಕ್ಕೆ ಮೇಲುಗೊಬ್ಬರ ಕೊಡುವ ಮುಂಚೆ ಗದ್ದೆಯಲ್ಲಿ ನಿಂತ ನೀರನ್ನು ಬಸಿದುಬಿಡುತ್ತಾರೆ. ಇಲ್ಲದಿದ್ದರೆ ಗೊಬ್ಬರ ನೀರಿನ ಜೊತೆ ಹೋಗುತ್ತದೆ, ಬೇರಿಗೆ ದಕ್ಕುವುದಿಲ್ಲ. ಗದ್ದೆಗೆ ಅದು ಸರಿಯಾದ ಪದ್ಧತಿಯೇ. ಆದರೆ ಕಾರಿನ ಟ್ಯಾಂಕು ಗದ್ದೆಯಲ್ಲ ಎಂದು ಈ ಮನುಷ್ಯನಿಗೆ ಯಾರು ಹೇಳಬೇಕು? ದಿನಾ ಬೆಳಿಗ್ಗೆ ಚಾವಿ ತಿರುಗಿಸಿ ಪೆಟ್ರೋಲಿನ ಮುಳ್ಳು ನೋಡುವುದು, "ಇನ್ನಾ ಐತಿ" ಎನ್ನುವುದು.

ಅದೇ ವಾರ ಲಿಂಗಸುಗೂರಿನಲ್ಲಿ ಖೋಖೋ ಆಯ್ಕೆ ಇತ್ತು, ಹದಿನಾಲ್ಕರೊಳಗಿನ ಹುಡುಗಿಯರ ಜಿಲ್ಲಾ ತಂಡಕ್ಕೆ. ನನ್ನ ಮಗಳಿಗೆ ಆ ತಂಡ ಬಿಟ್ಟು ಬೇರೇನೂ ಬೇಕಿರಲಿಲ್ಲ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತದೆ, ಇದೇ ಕಡೆಯ ಅವಕಾಶ ಎಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಹೆಸರು ಕೂಗುವಾಗ ಮೈದಾನದಲ್ಲಿ ಇರಬೇಕು, ಇಲ್ಲದಿದ್ದರೆ ಇಲ್ಲ ಎಂದು ಶಾಲೆಯಲ್ಲಿ ಗಟ್ಟಿಯಾಗಿ ಹೇಳಿ ಕಳಿಸಿದ್ದರು. ಬಸ್ಸಿಗೆ ಹೋಗುತ್ತೇವೆ ಎಂದರೆ ಅಪ್ಪನಿಗೆ ಅವಮಾನ. ಕಾರಿರುವ ಮನೆಯ ಮಗಳು ಬಸ್ಸಿನಲ್ಲಿ ನೇತಾಡುವುದೇ?

ಬೆಳಿಗ್ಗೆ ಹೊರಟಾಗ ಮುಳ್ಳು ಕೆಂಪು ಗೆರೆಗೆ ಬಂದಿತ್ತು. ಸಿಂಧನೂರಿನ ಬಂಕ್ ಬಂತು, ದಾಟಿತು. "ಇನ್ನೂ ಬಸಿದಿಲ್ಲ, ಮಸ್ಕಿಯಾಗ ಹಾಕಿಸಿದ್ರಾತು" ಅಂದರು. ಮಸ್ಕಿಯ ಬಂಕಿನವನು ಪ್ರೀಮಿಯಂ ಖಾಲಿ, ಸಾದಾ ಐತಿ ಅಂದ.

"ರೀ, ಸಾದಾನ ಹಾಕಸ್ರಿ. ಹೊತ್ತಾಗಾಕತ್ತೈತಿ" ಅಂದೆ.

"ಇಷ್ಟು ದಿನ ಬಸಿದು ಬಸಿದು ಈಗ ಮತ್ತ ಅದನ್ನ ಹಾಕಸ್ಲೇನು? ಲಿಂಗಸುಗೂರು ಏನು ದೂರ ಐತಿ? ಸುಮ್ಮ ಕೂಡು."

ಮಗಳು ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಪಟ್ಟಿ ಏರಿಸಿಕೊಳ್ಳುತ್ತಿದ್ದಳು. "ಅಪ್ಪಾ, ಹಾಕ್ಸು" ಅಂದಳು, ಒಂದೇ ಸಲ. ಅವರು ಗೇರ್ ಹಾಕಿದರು.

ಮಸ್ಕಿ ದಾಟಿ ಸುಮಾರು ದೂರ ಹೋದ ಮೇಲೆ ತೊಗರಿ ಹೊಲಗಳ ನಡುವೆ ಕಾರು ಎರಡು ಸಲ ಮುಗ್ಗರಿಸಿ ನಿಂತಿತು. ಅಂತೂ ಪೂರ್ತಿ ಬಸಿದಿತ್ತು. ಆಗಲೂ ಅವರ ಬಾಯಲ್ಲಿ ಬಂದದ್ದು, "ನಿನ್ನ ತಮ್ಮ ಹಾಕಿಸಿದ ಪೆಟ್ರೋಲ್ ನೋಡು, ಹೆಂಗ ಕೈ ಕೊಡ್ತು!" ಇಲ್ಲದ ಪೆಟ್ರೋಲಿಗೂ ಗುಣ ಇಲ್ಲವೆನ್ನುವ ಜಾಣನನ್ನು ನಾನು ಬೇರೆಲ್ಲೂ ಕಂಡಿಲ್ಲ. ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಹೊತ್ತಿರಲಿಲ್ಲ. ನಾನು ಇಳಿದು ಹೋಗಿ ಹೊರಗಿನಿಂದ ಬಾಗಿಲು ಎಳೆದು ಮಗಳನ್ನು ಇಳಿಸಿಕೊಂಡೆ. ಬಂದ ಬಸ್ಸು ತುಂಬಿತ್ತು, ನಿಲ್ಲಲಿಲ್ಲ. ಕೊನೆಗೆ ಚೀಲ ಹೇರಿಕೊಂಡು ಹೊರಟಿದ್ದ ಟಂಟಂ ಆಟೋ ಒಂದು ನಿಂತಿತು. ಚೀಲಗಳ ಮೇಲೆ ಕೂತು ನಾವಿಬ್ಬರೂ ಲಿಂಗಸುಗೂರಿನ ಕಡೆ ಹೋದೆವು. ಅವರು ನೀರಿನ ಬಾಟಲಿ ಬರಿದು ಮಾಡಿ ಹಿಡಿದುಕೊಂಡು ಮಸ್ಕಿಯ ಕಡೆ ನಡೆದರು.

ನಾವು ಮೈದಾನ ಸೇರುವ ಹೊತ್ತಿಗೆ ಹೆಸರು ಕೂಗಿ ಮುಗಿದು ಆಟ ನಡೆದಿತ್ತು. ಆಯ್ಕೆ ಮಾಡುವ ಮೇಡಂಗೆ ನಾನು ಕೈ ಮುಗಿದು ಕೇಳಿದೆ. ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಅಂದರು. ನನ್ನ ಶಾಲೆಯಲ್ಲಿ ನಾನೂ ಹಾಗೇ ಹೇಳುತ್ತಿದ್ದೆ. ಮಗಳು ಅಳಲಿಲ್ಲ. ಸುಣ್ಣದ ಗೆರೆಯ ಆಚೆ ನಿಂತಿದ್ದಳು. ಒಬ್ಬೊಬ್ಬ ಹುಡುಗಿ ಎದ್ದು ಓಡುವಾಗಲೂ ಇವಳ ಹಿಮ್ಮಡಿ ನೆಲ ಬಿಡುತ್ತಿತ್ತು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ಆಟ ಮುಗಿದು ಹುಡುಗಿಯರು ಚದುರುವಾಗ ಕಾರು ಬಂತು. ಅವರು ನಗುತ್ತ ಇಳಿದರು.

"ಒಂದ ಸಲ ಚಾವಿ ತಿರುವಿದ್ದಕ್ಕ ಚಾಲೂ ಆತು ನೋಡ್ರಿ! ನಮ್ಮ ಗಾಡಿ ಅಂದ್ರ ಗಾಡಿ."

"ಯಾವ ಪೆಟ್ರೋಲ್ ಹಾಕಿದಿ ಅಪ್ಪಾ?" ಮಗಳು ಕೇಳಿದಳು.

"ಬಾಟ್ಲ್ಯಾಗ ಸಾದಾ ತಂದೆ. ಮಸ್ಕಿಯಾಗ ಅದ ಇತ್ತಲ್ಲ."

"ಓಡ್ತಲ್ಲ?"

ಅವರು ಆಗ ಅವಳ ಮುಖ ನೋಡಿದರು. ಏನಾಯಿತೆಂದು ನನ್ನ ಕಡೆ ತಿರುಗಿ ಕೇಳಲೂ ಬೇಕಾಗಲಿಲ್ಲ. ಚಾವಿ ಜೇಬಿಗೆ ಹಾಕಿ, ಅವಳ ತಲೆ ಸವರಿ, "ಇರಲಿ ಬಿಡವ್ವ. ಮುಂದಿನ ವರ್ಷ ಹೊತ್ತಿಗಿಂತ ಮುಂಚೇನ ಬರೂಣು" ಅಂದರು.

ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ಎಂದು ದಿನಾ ಬೆಳಿಗ್ಗೆ ಬಗ್ಗಿ ನೋಡುತ್ತಿದ್ದ ಆ ಮನುಷ್ಯನಿಗೆ, ಮಗಳಿಗೆ ಉಳಿದಿದ್ದದ್ದು ಇದೊಂದೇ ವರ್ಷ ಎಂಬುದು ತಿಳಿದಿರಲಿಲ್ಲ.