ಬಸ್ಸಿನಲ್ಲಿ ಮೀನಿನ ವಾಸನೆ

"ಮೀನಿನ ಚೀಲ ಯಾರದ್ರೀ? ಬಾಗಿಲ ಹತ್ರ ಒಯ್ದಿಡ್ರೀ!" ಎಂದು ಕಂಡಕ್ಟರ್ ಕೂಗಿದ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸು ಮಧ್ಯಾಹ್ನದ ಬಿಸಿಲಿಗೆ ಕುದಿಯುತ್ತಿತ್ತು. ನನ್ನ ಮುಂದಿನ ಸೀಟಿನಲ್ಲಿ ವಿಭೂತಿ ಹಚ್ಚಿ, ಕೊರಳಲ್ಲಿ ಲಿಂಗದ ಕರಡಿಗೆ ಧರಿಸಿದ್ದ ಹುಡುಗಿಯೊಬ್ಬಳು ತಲೆ ತಗ್ಗಿಸಿದಳು. ಅವಳನ್ನು ಯಾರೂ ನೋಡಲಿಲ್ಲ. ನಮ್ಮೆಲ್ಲರ ಕಣ್ಣು ಹೋದದ್ದು ಅವಳ ಪಕ್ಕದಲ್ಲಿದ್ದ ಬುರ್ಖಾದ ಮುದುಕಿಯ ಚೀಲದ ಮೇಲೆ.

ಹುಡುಗಿ ಏನೋ ಹೇಳಲು ಹೊರಟಳು. ಮುದುಕಿ ಅವಳ ಮುಂಗೈ ಒತ್ತಿ ಹಿಡಿದು, "ನಂದೈತಪಾ, ಒಯ್ತೀನಿ," ಎಂದು ಎದ್ದಳು. ಮಸ್ಕಿಯವರೆಗೂ ಬಾಗಿಲ ಬಳಿ ನಿಂತೇ ಬಂದಳು. ವಾಸನೆ ಮಾತ್ರ ನನ್ನ ಮುಂದೆಯೇ ಉಳಿಯಿತು.

ಮಸ್ಕಿಯಲ್ಲಿ ಮೂವರೂ ಇಳಿದೆವು. ಹುಡುಗಿ ಕಣ್ಣು ತುಂಬಿಕೊಂಡು ಮುದುಕಿಯ ಎದುರು ನಿಂತಳು. "ನನಗ ಬೆವರಿನ ರೋಗ ಐತ್ರೀ ಅಮ್ಮಾ. ಮನ್ಯಾಗ ತತ್ತಿನೂ ಮುಟ್ಟಂಗಿಲ್ಲ, ಆದ್ರ ಬೆವತರ ಹಿಂಗ ಮೀನಿನ ವಾಸನಿ ಬರ್ತೈತಿ. ಹುಟ್ಟಿನಿಂದ ಬಂದದ್ದು ಅಂತ ಡಾಕ್ಟರು ಹೇಳ್ಯಾರ. ಮಂದಿ ನಂಬಂಗಿಲ್ರೀ."

"ಬಾಜೂಕ ಕುಂತಿದ್ನಲ್ಲ ಬೇಟಿ, ತಿಳೀತು. ನಂದು ಅಂದ್ರ ಯಾರೂ ಎರಡನೇ ಮಾತು ಕೇಳಂಗಿಲ್ಲ, ಅದಕ್ಕ ಅಂದೆ."

ಮುದುಕಿ ಚೀಲ ಬಿಚ್ಚಿ ಹುಡುಗಿಯ ಕೈಗೆ ಎರಡು ಪೇರಲ ಹಣ್ಣು ಇಟ್ಟಳು. ಚೀಲದ ತುಂಬ ಅವೇ ಇದ್ದವು.

ನಾನು ಈಗಲೂ ಅದೇ ಬಸ್ಸಿನಲ್ಲಿ ಓಡಾಡುತ್ತೇನೆ. ಏನಾದರೂ ವಾಸನೆ ಬಂದರೆ ಕಿಟಕಿ ತೆರೆಯುತ್ತೇನೆ. ಯಾರದೆಂದು ನೋಡುವುದಿಲ್ಲ.