ತತ್ತಿಗಳ ಜ್ವರ

ಜೋಳದ ಹೊಟ್ಟು ಬೆಚ್ಚಗಾದಾಗ ಒಂದು ವಾಸನೆ ಬರುತ್ತದೆ. ರೊಟ್ಟಿಯದಲ್ಲ, ಸುಟ್ಟದ್ದೂ ಅಲ್ಲ; ಬಿಸಿಲಿಗೆ ಒಣಹಾಕಿದ ಹಾಸಿಗೆಯದೂ ದನದ ಕೊಟ್ಟಿಗೆಯದೂ ಕೂಡಿದಂಥ ವಾಸನೆ. ಮೊನ್ನೆ ಗದಗಿನ ಬಸ್ಸಿನಲ್ಲಿ ಯಾರೋ ಎಂಜಿನ್ ಪಕ್ಕ ಇಟ್ಟಿದ್ದ ಹೊಟ್ಟಿನ ಚೀಲ ಕಾದು ಅದೇ ವಾಸನೆ ಬಿಟ್ಟಿತು. ನಾನು ಇಳಿಯಬೇಕಾದ ಸ್ಟಾಪು ದಾಟಿ ಹೋದದ್ದೇ ತಿಳಿಯಲಿಲ್ಲ. ರೋಣದ ನಮ್ಮ ಮಣ್ಣಿನ ಮಾಳಿಗೆಯ ಮನೆ, ಪಡಸಾಲೆಯ ಮೂಲೆಯಲ್ಲಿದ್ದ ಕಟ್ಟಿಗೆಯ ಪೆಟ್ಟಿಗೆ, ಅದರ ಮುಂದೆ ಕೌದಿ ಹೊದ್ದು ಕೂತ ನಮ್ಮ ಕಸ್ತೂರಕ್ಕ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂತು. ಆ ಮನೆ ಕೆಡವಿ ಈಗ ಗೊಬ್ಬರದ ಅಂಗಡಿ ಕಟ್ಟಿದ್ದಾರೆ. ಹೋಗಿ ನೋಡಬಾರದಿತ್ತು, ನೋಡಿ ಬಂದೆ. ನಿಮಗೂ ಇಂಥದೊಂದು ಜಾಗ ಇದ್ದರೆ ದಯವಿಟ್ಟು ಹೋಗಬೇಡಿ.

ಕಸ್ತೂರಕ್ಕ ನನಗಿಂತ ದೊಡ್ಡವಳು. ಆಕೆಯ ಹೃದಯದ ಕವಾಟ ಕೆಟ್ಟಿತ್ತಂತೆ. ಆಗ ನನಗೆ ತಿಳಿದದ್ದು ಇಷ್ಟೇ: ಆಕೆಗೆ ಆಗಾಗ ಜ್ವರ ಬರುತ್ತದೆ, ಆಕೆ ಓಡಬಾರದು, ಶಾಲೆ ಬಿಟ್ಟಿದ್ದಾಳೆ. ಆಕೆಗಿದ್ದ ಗೆಳತಿಯೆಂದರೆ ಒಂದು ಕರಿ ಕೋಳಿ. ಕಾವಿಗೆ ಕೂತಿದ್ದ ಆ ಕೋಳಿಯನ್ನು ಒಂದು ಮಧ್ಯಾಹ್ನ ನಾಯಿ ಹೊತ್ತೊಯ್ದಿತು. ಅಕ್ಕ ಇನ್ನೂ ಬಿಸಿ ಆರದ ತತ್ತಿಗಳನ್ನು ಲಂಗದ ಉಡಿಯಲ್ಲಿ ಕಟ್ಟಿಕೊಂಡು ಕೂತುಬಿಟ್ಟಳು. ಊಟಕ್ಕೆ ಕರೆದರೆ, "ಇವಕ್ಕ ಇನ್ನ ಯಾರ ಅದಾರಬೇ?" ಎಂದು ಅವ್ವನನ್ನೇ ಕೇಳಿದಳು. ಸಂಜೆ ಗಜೇಂದ್ರಗಡದಿಂದ ಕಾಕಾ ಬಂದ. ಅಪ್ಪನ ತಮ್ಮ, ಅಲ್ಲಿ ರೇಡಿಯೋ, ಮಿಕ್ಸಿ ರಿಪೇರಿ ಮಾಡುತ್ತಿದ್ದ. ಸೊಂಟದ ಬೆಲ್ಟಿಗೆ ಮೊಬೈಲು ಸಿಕ್ಕಿಸಿಕೊಂಡು ಓಡಾಡಿದ ಮೊದಲಿಗ ನಮ್ಮ ಮನೆತನದಲ್ಲಿ ಅವನೇ, ಅದರ ಸೊಕ್ಕೂ ಇತ್ತು. "ಯಾಕ ಅಳ್ತಿ? ಕರೆಂಟಿನ ಕೋಳಿ ಮಾಡಿ ಕೊಡ್ತೇನಿ ತಗೋ" ಎಂದ.

ಚಹಾಪುಡಿಯ ಹಳೆಯ ಪೆಟ್ಟಿಗೆಯಲ್ಲಿ ಬಲ್ಬು ಇಳಿಬಿಟ್ಟು, ಕೆಳಗೆ ಹೊಟ್ಟು ಹಾಸಿ, ಮೂಲೆಯಲ್ಲಿ ಬಟ್ಟಲು ನೀರಿಟ್ಟು, ಮುಂದೆ ಗಾಜು ಕೂಡಿಸಿದ. ಕಾವು ಅಳೆಯಲು ಮನೆಯಲ್ಲಿ ಇದ್ದದ್ದು ಅಕ್ಕನ ಜ್ವರ ನೋಡುವ ಥರ್ಮಾಮೀಟರ್ ಒಂದೇ. ಬಲ್ಬು ಬದಲಿಸಿ ಬದಲಿಸಿ, ಪ್ರತಿಸಲ ಥರ್ಮಾಮೀಟರ್ ಝಾಡಿಸಿ ಪಾದರಸ ಕೆಳಗಿಳಿಸಿ, ಅದು ನೂರಕ್ಕೆ ನಿಂತ ಮೇಲೆ ಥರ್ಮಾಮೀಟರನ್ನು ಗಾಜಿನ ಹಿಂದೆ ದಾರದಿಂದ ಕಟ್ಟಿದ.

"ಅಂದ್ರ ತತ್ತಿಗೂ ನನ್ನಂಗ ಜ್ವರ ಇರಬೇಕೇನ ಕಾಕಾ?" ಎಂದು ಅಕ್ಕ ನಕ್ಕಳು.

"ಹೂಂನವಾ. ನಿನಗ ಏರಿದ್ರ ಕೇಡು, ಅವಕ್ಕ ಇಳದ್ರ ಕೇಡು."

ಅವ್ವನಿಗೆ ಬೇರೆ ಚಿಂತೆ. "ನಾಳಿ ಇಕಿಗೆ ಜ್ವರ ಬಂದ್ರ ನಾ ಏನ ಹಚ್ಚಿ ನೋಡ್ಲಿ?"

"ಮರಿ ಆಗೂತನಕ ನಂಗ ಜ್ವರ ಬರಂಗಿಲ್ಲ ಬಿಡಬೇ" ಎಂದಳು ಅಕ್ಕ. ಖರೆ ಹೇಳುತ್ತೇನೆ, ಬರಲಿಲ್ಲ. ಆ ದಿನಗಳಲ್ಲಿ ಆಕೆಯ ಮುಖಕ್ಕೆ ಬಂದ ಕಳೆಯನ್ನು ನಾನು ಮತ್ತೆ ಕಾಣಲಿಲ್ಲ. ತತ್ತಿಗಳ ಒಂದು ಮಗ್ಗಲಿಗೆ ಇದ್ದಲಿನ ಗುರುತು ಹಾಕಿ, ಹೊತ್ತುಹೊತ್ತಿಗೆ ಹೊರಳಿಸುತ್ತಿದ್ದಳು. ರೋಣದಲ್ಲಿ ಆಗ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಹೋದ ಕೂಡಲೇ ತನ್ನ ಕೌದಿ ತೆಗೆದು ಪೆಟ್ಟಿಗೆಗೆ ಹೊದಿಸುತ್ತಿದ್ದಳು. "ಬಿಸಿ ಇಟ್ಟಂಗಿ ಇಡ್ಲೇನ?" ಎಂದು ಅವ್ವ ಕೇಳಿದರೆ ಕೌದಿಯ ಅಂಚು ಎತ್ತಿ ಗಾಜಿನೊಳಗೆ ಇಣುಕಿ, "ಬ್ಯಾಡ. ನೂರ ಐತಿ, ಒಂದ ಎಳಿನೂ ಇಳದಿಲ್ಲ" ಎನ್ನುತ್ತಿದ್ದಳು. ಓಣಿಯವರೆಲ್ಲ ಬಂದು ನೋಡಿ ಹೋದರು. ಕಾಕಾ ಮೀಸೆ ತಿರುವಿದ್ದೇ ತಿರುವಿದ್ದು.

ಮರಿ ಬರಬೇಕಾದ ದಿನ ಬಂತು, ದಾಟಿತು. ಅಕ್ಕ ಒಂದೊಂದೇ ತತ್ತಿಯನ್ನು ಕಿವಿಗೆ ಹಿಡಿದು ಕೇಳಿದಳು. ಇನ್ನೆರಡು ದಿನ ನೋಡೋಣ ಎಂದೆವು. ಅಷ್ಟರಲ್ಲಿ ಆಕೆಗೆ ಜ್ವರ ಬಂತು. ಅವ್ವ ದಾರ ಬಿಚ್ಚಿ, ಥರ್ಮಾಮೀಟರ್ ತೆಗೆದು, ರೂಢಿಯಂತೆ ಕೈ ಬೀಸಿ ಝಾಡಿಸಿದಳು. ಪಾದರಸ ಸರ್ರನೆ ಇಳಿಯಿತು. ಅವ್ವನ ಕೈ ಅಲ್ಲೇ ನಿಂತಿತು. ಝಾಡಿಸದಿದ್ದರೆ ಅದು ಇಳಿಯುವುದಿಲ್ಲ ಎಂಬುದು ಆ ಮನೆಯಲ್ಲಿ ನನ್ನಂಥ ಸಣ್ಣವಳಿಗೂ ಗೊತ್ತಿತ್ತು. ಆದರೆ ಗಾಜಿನ ಹಿಂದೆ ಕಟ್ಟಿದ ಮೇಲೆ ನಾವು ಅದನ್ನು ಗೋಡೆಯ ಗಡಿಯಾರದಂತೆ ನಂಬಿಬಿಟ್ಟಿದ್ದೆವು.

ಅಕ್ಕ ಮಲಗಿದಲ್ಲಿಂದಲೇ ಎಲ್ಲ ನೋಡಿದ್ದಳು. "ಅಂದ್ರ ಅವು ಯಾವಾಗೋ ಥಣ್ಣಗ ಆಗಿದ್ವು. ನಾ ಸುಮ್ನ ನೂರ ಐತಿ, ನೂರ ಐತಿ ಅನಕೋತ ಕುಂತಿದ್ನಿ."

ಮರಿ ನೋಡಲೆಂದು ಬಂದಿದ್ದ ಕಾಕಾ ತತ್ತಿಗಳನ್ನು ಹಿತ್ತಲಿನ ಬೇವಿನ ಗಿಡದ ಬುಡದಲ್ಲಿ ಹುಗಿದು, ಒಳಗೆ ಬಾರದೆ ಹಾಗೇ ಬಸ್ಸಿಗೆ ಹೋದ.

ಅಕ್ಕ ಆ ಮಳೆಗಾಲ ದಾಟಲಿಲ್ಲ. ದೊಡ್ಡ ದವಾಖಾನೆಗೆ ಒಯ್ಯುವ ಮುಂಜಾನೆ ಅವ್ವ ಆಕೆಯ ಜ್ವರ ನೋಡಿ, ಗಡಿಬಿಡಿಯಲ್ಲಿ ಥರ್ಮಾಮೀಟರನ್ನು ಡಬ್ಬಿಗೆ ಹಾಕಿ ಗೋಡೆಯ ಗೂಡಿನಲ್ಲಿಟ್ಟಳು. ಅಕ್ಕ ಹೊಳ್ಳಿ ಬರಲಿಲ್ಲ.

ಅವ್ವ ಈಗ ನನ್ನ ಹತ್ತಿರ ಇದ್ದಾಳೆ. ಹೋದ ವರ್ಷ ನನ್ನ ಮಗಳಿಗೆ ಮೈ ಬಿಸಿಯಾದಾಗ ಅವ್ವನ ಟ್ರಂಕಿನಲ್ಲಿ ಆ ಡಬ್ಬಿ ಸಿಕ್ಕಿತು. ತೆಗೆದು, ಝಾಡಿಸಲೆಂದು ಕೈ ಎತ್ತಿದೆ. ಅವ್ವ ಬಂದು ನನ್ನ ಮುಂಗೈ ಹಿಡಿದಳು.

"ಝಾಡಿಸಬ್ಯಾಡವಾ. ಅದು ಅಕಿದು."

ಬೆಳಕಿಗೆ ಹಿಡಿದು ನೋಡಿದೆ. ನೂರಾ ಮೂರು. ಇಷ್ಟು ವರ್ಷವಾದರೂ ಇಳಿದಿರಲಿಲ್ಲ. ಕೈ ಅಲುಗದಂತೆ ಅದನ್ನು ಡಬ್ಬಿಯಲ್ಲಿಟ್ಟು ಅವ್ವನಿಗೆ ಕೊಟ್ಟು, ಮಗಳ ಹಣೆಯ ಮೇಲೆ ಕೈ ಇಟ್ಟು ನೋಡಿದೆ.