ಎರಡು ಬಾವುಟಗಳ ನಡುವೆ

ಸಮುದ್ರಕ್ಕಿಳಿಯಲು ಬಂದವರಿಗೆಲ್ಲ, ಹೋಟೆಲಿನ ಕಡಲತೀರ ಕಾಯುವ ಸೀಟಿ ಮಾಮ ಒಂದೇ ಪಾಠ ಒಪ್ಪಿಸುತ್ತಿದ್ದ. "ಅಲೆ ಒಡೆಯೋ ಕಡೆ ಹೆದರ್ಬೇಡಿ. ನೀರು ಸುಮ್ನಿರೋ ಕಡೆ ಹೆದ್ರಿ, ಸೆಳೆತ ಇರೋದು ಅಲ್ಲೇ. ಎಳೀತು ಅಂದ್ರೆ ದಡಕ್ಕೆ ಗುದ್ದಾಡ್ಬೇಡಿ, ಪಕ್ಕಕ್ಕೆ ಈಜಿ. ನನ್ನ ಎರಡು ಬಾವುಟದ ಮಧ್ಯೆನೇ ಇರಿ. ಸೀಟಿ ಕೇಳಿದ ತಕ್ಷಣ ಎಲ್ಲಿದ್ರೂ ಅಲ್ಲಿಗೆ ಬಂದ್ಬಿಡಿ."

ಹೋಟೆಲಿನ ಅತಿಥಿಗಳು ಮೊದಲರ್ಧವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಬಾವುಟ, ಸೀಟಿ ಮಾತ್ರ ನೆನಪಿರುತ್ತಿತ್ತು. ಹನ್ನೆರಡು ವರ್ಷದ ಕಾವಲಿನಲ್ಲಿ ಒಂದು ಜೀವವೂ ಹೋಗಿರಲಿಲ್ಲ. ಅದರ ಜಂಬವೂ ಇತ್ತು, ಜಂಬದ ಬೆನ್ನಿಗೇ ಸೋಮಾರಿತನವೂ ಬಂದಿತ್ತು. ದಿನಾ ನೀರು ನೋಡಿ ಜಾಗ ಹುಡುಕುವವರು ಯಾರು? ಹೆಂಡತಿಯ ಚಹದಂಗಡಿಯ ಎದುರಿಗೆ ಎರಡು ಕಬ್ಬಿಣದ ಕೊಳವೆ ಹೂತುಬಿಟ್ಟಿದ್ದ. ಬೆಳಿಗ್ಗೆ ಬಂದು ಬಾವುಟ ಸಿಕ್ಕಿಸಿದರೆ ಕೆಲಸ ಮುಗಿಯಿತು.

ಒಂದು ದಿನ ಚಹ ಕುಡಿದು ಬರುವಷ್ಟರಲ್ಲಿ ಎರಡೂ ಬಾವುಟ ನಲವತ್ತು ಹೆಜ್ಜೆ ಆಚೆ, ಬರೀ ಮರಳಿನಲ್ಲಿ ನೆಟ್ಟಗೆ ನಿಂತಿದ್ದವು. ನೀರಿನಿಂದ ಅಲ್ಲಿಯವರೆಗೆ ಒದ್ದೆ ಹೆಜ್ಜೆಗುರುತುಗಳಿದ್ದವು. ವಾಪಸು ಹೋದ ಗುರುತು ಇರಲಿಲ್ಲ. ಯಾರದೋ ತಲೆಹರಟೆ ಎಂದು ಬೈದುಕೊಂಡು ಅವನ್ನು ಕಿತ್ತು ತಂದು ಕೊಳವೆಗೆ ಸಿಕ್ಕಿಸಿ ಸೀಟಿ ಊದಿದ.

ಎಲ್ಲರೂ ಅತ್ತ ಬರತೊಡಗಿದರು. ಎಲ್ಲರಿಗಿಂತ ಮೊದಲು ಬಾವುಟಗಳ ನಡುವೆ ನೀರಿಗಿಳಿದವಳು ಅವನ ಹತ್ತು ವರ್ಷದ ಮಗಳು.

ಆಗ ಕಂಡಿತು. ಅತ್ತಿತ್ತ ಅಲೆ ಒಡೆಯುತ್ತಿತ್ತು, ಬಾವುಟಗಳ ನಡುವೆ ಒಂದೂ ಇಲ್ಲ. ಇಸ್ತ್ರಿ ಮಾಡಿದ ಹಾಗೆ ನೀರು. ಕೈಕಾಲು ಆಡಿಸದೆಯೇ ಮಗಳು ದೂರ ಸರಿಯುತ್ತಿದ್ದಳು, ಇನ್ನೂ ನಗುತ್ತಿದ್ದಳು. ಸೀಟಿ ತುಟಿಗೆ ಹೋಯಿತು. ಊದಿದರೆ ಉಳಿದವರೂ ಅಲ್ಲಿಗೇ ಬರುತ್ತಾರೆ, ಹಾಗೆಂದು ಕಲಿಸಿದವನು ತಾನೇ. ಸೀಟಿ ಕೈಬಿಟ್ಟ. ಕೈಗೆ ಸಿಕ್ಕ ಒಂದು ಬಾವುಟ ಕಿತ್ತುಕೊಂಡು ದಡದಗುಂಟ ಓಡಿದ. "ಪಕ್ಕಕ್ಕೆ, ಪುಟ್ಟೀ, ಪಕ್ಕಕ್ಕೆ ಈಜು."

ಮಗಳು ಬಾವುಟ ನೋಡುತ್ತ ಈಜಿದಳು, ಉಳಿದವರು ಅವಳ ಹಿಂದೆ. ಎಲ್ಲರೂ ದಡ ಸೇರಿದರು. ಅವನು ಅವಳನ್ನು ಅಪ್ಪಿಕೊಂಡು ನಾಚಿಕೆ ಬಿಟ್ಟು ಅತ್ತ.

"ಅಪ್ಪಾ," ಎಂದಳು ಏದುಸಿರಿನಲ್ಲಿ, "ಇನ್ನೊಂದು ಬಾವುಟ ಹಿಡ್ಕೊಂಡು ನಿನ್ನ ಮುಂದೆ ಓಡ್ತಿದ್ರಲ್ಲ, ಅವ್ರ್ಯಾರು?"

ತಿರುಗಿ ನೋಡಿದ. ಎರಡನೆಯ ಬಾವುಟ ಆ ನಲವತ್ತು ಹೆಜ್ಜೆ ಆಚೆಯ ಜಾಗದಲ್ಲೇ ನಿಂತಿತ್ತು.

ಕೊಳವೆಗಳನ್ನು ಅಂದೇ ಕಿತ್ತೆಸೆದ. ಈಗ ಬೆಳಿಗ್ಗೆ ಬಾವುಟಗಳನ್ನು ಮರಳ ಮೇಲೆ ಮಲಗಿಸಿ, ಬೆನ್ನು ಹಾಕಿ ಚಹ ಕುಡಿಯುತ್ತಾನೆ. ಬರುವಷ್ಟರಲ್ಲಿ ಅವು ಎದ್ದು ನಿಂತಿರುತ್ತವೆ. ನಿಂತ ಕಡೆ ಜನರನ್ನು ಇಳಿಸುತ್ತಾನೆ. ಯಾರು, ಏನು ಎಂದು ಹೆಂಡತಿಗೂ ಹೇಳಿಲ್ಲ.

ಮೊನ್ನೆ ಮೂರು ಸಲ ಚಹ ಕುಡಿದು ಬಂದರೂ ಬಾವುಟಗಳು ಮಲಗಿಯೇ ಇದ್ದವು. ಸಮುದ್ರ ಎಂದಿಗಿಂತ ಸೌಮ್ಯವಾಗಿತ್ತು. ಅತಿಥಿಗಳು ರೇಗಿದರು, ಹೋಟೆಲಿನ ಮ್ಯಾನೇಜರು ಕೆಲಸದಿಂದ ತೆಗೆಯುತ್ತೇನೆಂದ. ಮಗಳು ಒಂದೇ ಒಂದು ಮುಳುಗು ಎಂದು ಗೋಗರೆದಳು. ಅವನು ಸಂಜೆಯವರೆಗೂ ಅವಳ ಕೈ ಬಿಡಲಿಲ್ಲ.